ಜೀನ್ ನಾಕೌಟ್ ಸೆಲ್ ಲೈನ್ ಮಾಡುವುದು ಹೇಗೆ: ಮೊದಲ ಗೈಡ್‌ನಿಂದ ಕೊನೆಯ ವಯಲ್‌ವರೆಗೆ

ಕ್ರಿಸ್ಪರ್, ಅಂದರೆ ಡಿಎನ್‌ಎ ಕತ್ತರಿಸಿ ಜೀನ್ ಬದಲಿಸುವ ತಂತ್ರದ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರು ಮೊದಲು ಕೇಳುವುದು, "ಒಂದು ಜೀನ್ ನಾಕೌಟ್ ಮಾಡಲು ಎಷ್ಟು ದಿನ ಬೇಕು?" ಅಂತ. ನಾಕೌಟ್ ಅಂದರೆ ಆ ಜೀನ್ ಕೆಲಸ ಮಾಡದಂತೆ ಕೆಡಿಸುವುದು. ಡಿಎನ್‌ಎ ಕತ್ತರಿಸಲು ಎರಡು ಮೂರು ದಿನ ಸಾಕು. ಆ ಜೀನ್ ನಿಜವಾಗಿಯೂ ಕೆಲಸ ನಿಲ್ಲಿಸಿದೆ ಎಂದು ತೋರಿಸಲು ಎರಡು ಮೂರು ತಿಂಗಳು ಬೇಕು. ಹೆಚ್ಚಿನವರು ಎಡವುವುದು ಈ ಎರಡನೇ ಭಾಗದಲ್ಲಿ. ಹಾಗಾಗಿ ಇಲ್ಲಿ ಕತ್ತರಿಸುವ ಭಾಗವನ್ನು ಬೇಗ ಮುಗಿಸಿ, ಪರೀಕ್ಷೆಯ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂದೇ ಜೀನ್ ಹಿಡಿದುಕೊಳ್ಳೋಣ: ಬಿ2ಎಂ, ಅಂದರೆ ಬೀಟಾ-2 ಮೈಕ್ರೋಗ್ಲೋಬ್ಯುಲಿನ್. ಸೆಲ್ ಲೈನ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಇರಬಹುದಾದ ಸೆಲ್‌ಗಳ ಸಂತತಿ, ಎಚ್‌ಇಕೆ 293ಟಿ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜೀನ್ ನನಗೆ ಗೊತ್ತಿಲ್ಲ. ಬಿ2ಎಂ ಇಲ್ಲದಿದ್ದರೆ ಎಚ್‌ಎಲ್‌ಎ ಕ್ಲಾಸ್ 1 ಪ್ರೋಟೀನ್‌ಗಳು (ರೋಗನಿರೋಧಕ ವ್ಯವಸ್ಥೆಗೆ ಸೆಲ್‌ನ ಗುರುತು ತೋರಿಸುವಂಥವು) ಸೆಲ್‌ನ ಹೊರಮೈಗೆ ಬರುವುದಿಲ್ಲ. ಒಂದು ಆಂಟಿಬಾಡಿ ಹಾಕಿ ಸೆಲ್‌ಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿದರೆ ಕೆಲಸ ಆಗಿದೆಯೋ ಇಲ್ಲವೋ ಅರ್ಧ ದಿನದಲ್ಲಿ ಕಣ್ಣಿಗೇ ಕಾಣುತ್ತದೆ. ಇದು ಇಲ್ಲದಿದ್ದರೂ 293ಟಿ ಆರಾಮವಾಗಿ ಬೆಳೆಯುತ್ತದೆ. ಕೈ ಪಳಗಿದ ಮೇಲೆ ನಿಮ್ಮ ಸ್ವಂತ ಜೀನ್‌ಗೆ ಇದೇ ದಾರಿ ಹಿಡಿಯಿರಿ.

ಶುರು ಮಾಡುವ ಮುಂಚೆ

ಮೊದಲು ಅನುಮತಿ. ಭಾರತದಲ್ಲಿ ಜೀನ್ ಬದಲಿಸಿದ ಜೀವಿ ಮತ್ತು ಸೆಲ್‌ಗಳ ಕೆಲಸ 1989ರ ನಿಯಮಗಳ ಅಡಿ ಬರುತ್ತದೆ, ಆದ್ದರಿಂದ ನಿಮ್ಮ ಸಂಸ್ಥೆಯ ಬಯೋಸೇಫ್ಟಿ ಕಮಿಟಿಗೆ ಅರ್ಜಿ ಹಾಕಿ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮನುಷ್ಯನ ಸೆಲ್ ಲೈನ್‌ಗಳನ್ನು ಬಯೋಸೇಫ್ಟಿ ಎರಡನೇ ಹಂತದ ಶಿಸ್ತಿನಲ್ಲೇ ನೋಡಿಕೊಳ್ಳಿ.

ಎರಡನೆಯದು, ಆ ಜೀನ್ ಇಲ್ಲದೆ ಸೆಲ್ ಬದುಕುತ್ತದೆಯೇ ನೋಡಿ. ಡೆಪ್‌ಮ್ಯಾಪ್ ತಾಣದಲ್ಲಿ ನೂರಾರು ಕ್ಯಾನ್ಸರ್ ಸೆಲ್ ಲೈನ್‌ಗಳಲ್ಲಿ ಯಾವ ಜೀನ್ ತೆಗೆದರೆ ಸೆಲ್ ಸಾಯುತ್ತದೆ ಎಂಬ ಮಾಹಿತಿ ಉಚಿತವಾಗಿ ಸಿಗುತ್ತದೆ. ಜೀವಕ್ಕೇ ಬೇಕಾದ ಜೀನ್ ಆಗಿದ್ದರೆ ನಿಮಗೆ ಪೂರ್ತಿ ನಾಕೌಟ್ ಸಿಗುವುದೇ ಇಲ್ಲ. ಉಳಿದುಕೊಳ್ಳುವ ಕ್ಲೋನ್‌ಗಳೆಲ್ಲ (ಒಂದೊಂದು ಸೆಲ್‌ನಿಂದ ಬೆಳೆದ ಗುಂಪುಗಳು) ಹೇಗೋ ಆ ಜೀನ್ ಅನ್ನು ಸ್ವಲ್ಪವಾದರೂ ಉಳಿಸಿಕೊಂಡವು. ಅಂಥ ಕಡೆ ಎಸ್‌ಐಆರ್‌ಎನ್‌ಎ (ಜೀನ್‌ನ ಸಂದೇಶವನ್ನು ತಡೆಯುವ ಚಿಕ್ಕ ಆರ್‌ಎನ್‌ಎ) ಹಾಕಿ ತಾತ್ಕಾಲಿಕವಾಗಿ ತಗ್ಗಿಸುವುದೇ ವಾಸಿ.

ಮೂರನೆಯದು, ಜೀನ್‌ನ ಎಷ್ಟು ಪ್ರತಿ ಇದೆ? ಪಠ್ಯಪುಸ್ತಕದ ಪ್ರಕಾರ ಎರಡು. ಲ್ಯಾಬ್‌ನ ಸೆಲ್‌ಗಳು ಪಠ್ಯಪುಸ್ತಕ ಓದಿಲ್ಲ. 293 ಸೆಲ್‌ಗಳು 1973ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಭ್ರೂಣದ ಮೂತ್ರಪಿಂಡದ ಅಂಗಾಂಶದಿಂದ ಬಂದವು, ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗ ಆದ್ದರಿಂದ ಆ ಹೆಸರು. ಅವುಗಳಲ್ಲಿ ಸಾಮಾನ್ಯವಾಗಿ 64ರ ಆಸುಪಾಸು ಕ್ರೋಮೋಸೋಮ್‌ಗಳಿರುತ್ತವೆ, ಅಂದರೆ ಎಷ್ಟೋ ಜೀನ್‌ಗಳಿಗೆ ಮೂರು ಪ್ರತಿ. ಹೀಲಾ ಕೂಡ ಹೀಗೆಯೇ. ಎಚ್‌ಸಿಟಿ116 ಹೆಚ್ಚುಕಡಿಮೆ ಎರಡು ಪ್ರತಿಯದ್ದು. ಎಚ್‌ಎಪಿ1 ಎಂಬ ಲೈನ್‌ನಲ್ಲಿ ಬಹುತೇಕ ಜೀನ್‌ಗಳು ಒಂದೇ ಪ್ರತಿ, ಅದಕ್ಕೇ ನಾಕೌಟ್ ಮಾಡುವವರಿಗೆ ಅದು ಅಚ್ಚುಮೆಚ್ಚು. ಆದರೆ ಪ್ಯಾಸೇಜ್ ಮಾಡುತ್ತ, ಅಂದರೆ ಸೆಲ್‌ಗಳನ್ನು ಹೊಸ ಪಾತ್ರೆಗೆ ಹಂಚಿ ಬೆಳೆಸುತ್ತ ಹೋದಂತೆ ಅದು ತಾನಾಗಿಯೇ ಎರಡು ಪ್ರತಿಗೆ ತಿರುಗುತ್ತದೆ, ಆಗಾಗ ಪರೀಕ್ಷಿಸುತ್ತಿರಬೇಕು.

ಪಿ53 ಎಂಬ ಕಾವಲು ಪ್ರೋಟೀನ್ ಸರಿಯಾಗಿ ಕೆಲಸ ಮಾಡುವ ಆರ್‌ಪಿಇ1 ಲೈನ್ ಅಥವಾ ಸ್ಟೆಮ್ ಸೆಲ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಕ್ಯಾಸ್9 (ಕ್ರಿಸ್ಪರ್‌ನ ಕತ್ತರಿ ಪ್ರೋಟೀನ್) ಡಿಎನ್‌ಎ ಕತ್ತರಿಸಿದ ಕೂಡಲೇ ಪಿ53 ಎಚ್ಚೆತ್ತು ಸೆಲ್‌ನ ಬೆಳವಣಿಗೆ ನಿಲ್ಲಿಸುತ್ತದೆ ಎಂದು 2018ರಲ್ಲಿ ಎರಡು ತಂಡಗಳು ತೋರಿಸಿದವು. ಅಂದರೆ ಚೆನ್ನಾಗಿ ಬೆಳೆದು ಬರುವ ಕ್ಲೋನ್‌ಗಳಲ್ಲಿ ಪಿ53 ಕೈಕೊಟ್ಟವೇ ಜಾಸ್ತಿ ಇರಬಹುದು. 293ಟಿಯಲ್ಲಿ ವೈರಸ್‌ನ ಟಿ ಆಂಟಿಜನ್ ಪಿ53ಯನ್ನು ಹಿಡಿದಿಟ್ಟಿರುವುದರಿಂದ ಈ ತಲೆನೋವು ಇಲ್ಲ.

ಸೆಲ್‌ಗಳನ್ನು ಪಕ್ಕದ ಲ್ಯಾಬಿನ ಗೆಳೆಯರಿಂದ ಸುಮ್ನೆ ಒಂದು ಫ್ಲಾಸ್ಕ್ ತರಬೇಡಿ. ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಂಥ ಭಂಡಾರದಿಂದ ತರಿಸಿ, ಎಸ್‌ಟಿಆರ್ ಪರೀಕ್ಷೆಯಿಂದ ಗುರುತು ಖಚಿತ ಮಾಡಿಕೊಂಡು, ಮೈಕೋಪ್ಲಾಸ್ಮಾ (ಕಣ್ಣಿಗೆ ಕಾಣದೆ ಸೆಲ್‌ಗಳಿಗೆ ತಗಲುವ ಬ್ಯಾಕ್ಟೀರಿಯಾ) ಪಿಸಿಆರ್ ಮಾಡಿ. ನಾನು ಒಮ್ಮೆ ಮೈಕೋಪ್ಲಾಸ್ಮಾ ಪರೀಕ್ಷೆಯನ್ನು "ಆಮೇಲೆ ಮಾಡೋಣ" ಎಂದು ಬಿಟ್ಟಿದ್ದೆ. ಹನ್ನೊಂದು ಕ್ಲೋನ್‌ಗಳನ್ನು ಬ್ಲೀಚ್‌ಗೆ ಸುರಿಯಬೇಕಾಯಿತು. ಆ ಸಂಜೆ ಈಗಲೂ ನೆನಪಿದೆ.

ಗೈಡ್ ಆಯ್ಕೆ

ಕ್ಯಾಸ್9ಗೆ ದಾರಿ ತೋರಿಸುವುದು 20 ಅಕ್ಷರದ ಗೈಡ್ ಆರ್‌ಎನ್‌ಎ. ಅದು ಕೂರುವ ಜಾಗದ ಪಕ್ಕದಲ್ಲೇ ಎನ್‌ಜಿಜಿ ಎಂಬ ಮೂರು ಅಕ್ಷರ, ಅಂದರೆ ಪ್ಯಾಮ್, ಇರಬೇಕು. ಪ್ಯಾಮ್‌ಗಿಂತ ಮೂರು ಅಕ್ಷರ ಹಿಂದೆ ಕತ್ತರಿ ಬೀಳುತ್ತದೆ. ಸೆಲ್ ಅದನ್ನು ಅವಸರದಲ್ಲಿ ಹೊಲಿಯುವಾಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತವೆ ಅಥವಾ ಹೊಸದಾಗಿ ಸೇರುತ್ತವೆ.

ಅಷ್ಟಕ್ಕೇ ಜೀನ್ ಹೇಗೆ ಹಾಳಾಗುತ್ತದೆ? ಡಿಎನ್‌ಎ ಓದುವುದು ಮೂರು ಮೂರು ಅಕ್ಷರವಾಗಿ. "ಅವಳು ಮನೆಗೆ ಬಂದಳು" ಎಂಬ ವಾಕ್ಯ ನೋಡಿ, ಒಂದೊಂದು ಪದವೂ ಮೂರಕ್ಷರ. ಅದರಲ್ಲಿ "ವ" ಒಂದನ್ನು ಕಿತ್ತು, ಮತ್ತೆ ಮೂರು ಮೂರಾಗಿ ಓದಿ: "ಅಳುಮ ನೆಗೆಬಂ ದಳು". ಅರ್ಥವೇ ಇಲ್ಲ. ಅದೇ "ಮನೆಗೆ" ಎಂಬ ಮೂರಕ್ಷರ ಪೂರ್ತಿ ಹೋದರೆ "ಅವಳು ಬಂದಳು" ಎಂದು ಉಳಿಯುತ್ತದೆ, ಅರ್ಥ ಕೆಡಲಿಲ್ಲ. ಮೂರರ ಗುಣಕದಲ್ಲಿ ಅಕ್ಷರ ಹೋದ ಪ್ರತಿಗಳು ಹೀಗೆಯೇ, ಪ್ರೋಟೀನ್ ಸ್ವಲ್ಪ ಮೊಟಕಾಗಿ ಕೆಲಸ ಮುಂದುವರಿಸಬಹುದು. ಒರಟು ಲೆಕ್ಕದಲ್ಲಿ ಮೂರರಲ್ಲೊಂದು ಬದಲಾವಣೆ ಇಂಥದ್ದು. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಎನ್ಸೆಂಬಲ್ ಎಂಬ ತಾಣದಲ್ಲಿ ಜೀನ್ ತೆರೆದು, ಎಲ್ಲ ಮುಖ್ಯ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲೂ (ಆ ಜೀನ್‌ನ ಆರ್‌ಎನ್‌ಎ ರೂಪಗಳಲ್ಲೂ) ಇರುವ ಎಕ್ಸಾನ್, ಅಂದರೆ ಪ್ರೋಟೀನ್‌ನ ಮಾಹಿತಿ ಇರುವ ತುಂಡು, ಹುಡುಕಿ. ಶುರುವಿನ ಎಟಿಜಿ (ಪ್ರೋಟೀನ್‌ನ ಓದು ಶುರುವಾಗುವ ಮೂರಕ್ಷರ) ಪಕ್ಕದಲ್ಲೇ ಕತ್ತರಿಸಿದರೆ ಮುಂದಿನ ಇನ್ನೊಂದು ಎಟಿಜಿಯಿಂದ ಪ್ರೋಟೀನ್ ಶುರುವಾಗಬಹುದು, ತೀರಾ ಕೊನೆಯಲ್ಲಿ ಕತ್ತರಿಸಿದರೆ ಬಹುಪಾಲು ಪ್ರೋಟೀನ್ ಹಾಗೇ ಉಳಿಯುತ್ತದೆ. ಆದ್ದರಿಂದ ಪ್ರೋಟೀನ್‌ನ ಮುಖ್ಯ ಕೆಲಸದ ಭಾಗವನ್ನೇ, ಮೊದಲರ್ಧದಲ್ಲಿ ಗುರಿ ಮಾಡಿ. ಬಿ2ಎಂ ತೀರಾ ಚಿಕ್ಕದು, 119 ಅಮೈನೋ ಆಮ್ಲ. ಅದರ ಬಹುಪಾಲು ಎರಡನೇ ಎಕ್ಸಾನ್‌ನಲ್ಲೇ ಇದೆ.

ಕ್ರಿಸ್ಪಿಕ್, ಕ್ರಿಸ್ಪೋರ್, ಚಾಪ್‌ಚಾಪ್ ಇಂಥ ಯಾವುದಾದರೂ ಉಚಿತ ಸಾಧನ ಬಳಸಿ ಬೇರೆ ಬೇರೆ ಜಾಗದ ಮೂರು ಗೈಡ್ ಆರಿಸಿ. ಒಂದೇ ಗೈಡ್ ತರಿಸಿ ಹಣ ಉಳಿಸಿದೆ ಅಂದುಕೊಳ್ಳಬೇಡಿ. ಅದು ಕೈಕೊಟ್ಟರೆ ತಿಂಗಳೇ ಹೋಗುತ್ತದೆ. ಆರ್ಡರ್ ಮಾಡುವಾಗ ಪ್ಯಾಮ್‌ನ ಅಕ್ಷರಗಳನ್ನು ಗೈಡ್ ಜೊತೆ ಸೇರಿಸಬೇಡಿ. ಈ ತಪ್ಪು ಎಷ್ಟು ಸಾಮಾನ್ಯ ಎಂದರೆ, ಹೊಸಬರ ಆರ್ಡರ್ ಶೀಟ್ ನೋಡುವಾಗ ನಾನು ಮೊದಲು ಹುಡುಕುವುದೇ ಇದನ್ನು. ಪಿಎಕ್ಸ್459 ಪ್ಲಾಸ್ಮಿಡ್‌ಗೆ (ಕ್ಯಾಸ್9 ಜೀನ್ ಹೊತ್ತ ಡಿಎನ್‌ಎ ಉಂಗುರ) ಹಾಕುವುದಾದರೆ ಮೇಲಿನ ಎಳೆಗೆ ಮುಂದೆ ಸಿಎಸಿಸಿ, ಕೆಳಗಿನ ಎಳೆಗೆ ಎಎಎಸಿ ಬಾಲ ಸೇರಿಸಿ. ಗೈಡ್ ಜಿ ಅಕ್ಷರದಿಂದ ಶುರುವಾಗದಿದ್ದರೆ ಮುಂದೊಂದು ಜಿ ಸೇರಿಸಿ, ಕೆಳಗಿನ ಎಳೆಯ ಕೊನೆಗೆ ಅದರ ಜೋಡಿ ಸಿ ಮರೆಯಬೇಡಿ.

ಗೈಡ್ ಜೊತೆಗೇ ಪಿಸಿಆರ್ ಪ್ರೈಮರ್ (ಆ ಜಾಗದ ಡಿಎನ್‌ಎ ನಕಲು ಮಾಡಲು ಬೇಕಾದ ಚಿಕ್ಕ ಎಳೆಗಳು) ಕೂಡ ತರಿಸಿ. ಕತ್ತರಿಯ ಜಾಗದ ಸುತ್ತ 600ರಿಂದ 800 ಅಕ್ಷರ ಬರಬೇಕು, ಸೀಕ್ವೆನ್ಸಿಂಗ್ ಪ್ರೈಮರ್‌ನಿಂದ ಕತ್ತರಿಯ ಜಾಗ 200 ಅಕ್ಷರವಾದರೂ ದೂರ ಇರಬೇಕು. ಮಾಮೂಲಿ 293ಟಿ ಡಿಎನ್‌ಎ ಮೇಲೆ ಈಗಲೇ ಓಡಿಸಿ ನೋಡಿ. ನಲವತ್ತು ಕ್ಲೋನ್ ಕೈಯಲ್ಲಿ ಹಿಡಿದು ಪ್ರೈಮರ್ ಸರಿಯಿಲ್ಲ ಎಂದು ತಿಳಿಯುವುದು ಬೇಡ.

ಸೆಲ್ ಒಳಗೆ ಕಳಿಸುವುದು

ಎರಡು ದಾರಿ. ಎಲೆಕ್ಟ್ರೊಪೊರೇಟರ್ (ವಿದ್ಯುತ್ ಪೆಟ್ಟಿನಿಂದ ಸೆಲ್‌ನ ಪೊರೆ ತೆರೆಯುವ ಯಂತ್ರ) ಇದ್ದರೆ ಕ್ಯಾಸ್9 ಪ್ರೋಟೀನ್ ಮತ್ತು ಗೈಡ್ ಅನ್ನು ಬೆರೆಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ನೇರ ಒಳಗೆ ಕಳಿಸಿ. ಒಂದೆರಡು ದಿನದಲ್ಲಿ ಕ್ಯಾಸ್9 ಕರಗಿ ಹೋಗುತ್ತದೆ, ಬೇರೆ ಜಾಗದಲ್ಲಿ ಕತ್ತರಿಸುವ ಅಪಾಯ ಕಡಿಮೆ. ನನ್ನ ಆಯ್ಕೆ ಯಾವಾಗಲೂ ಇದೇ. ಆದರೆ ದುಬಾರಿ. ಇನ್ನೊಂದು ದಾರಿ ಪ್ಲಾಸ್ಮಿಡ್, ಇದು ಎಲ್ಲ ಲ್ಯಾಬ್‌ಗೂ ಎಟಕುವಂಥದ್ದು.

ಆರು ವೆಲ್‌ನ ಪ್ಲೇಟ್‌ನಲ್ಲಿ ಹಿಂದಿನ ದಿನ ವೆಲ್‌ಗೆ ಮೂರರಿಂದ ನಾಲ್ಕು ಲಕ್ಷ ಸೆಲ್ ಹಾಕಿ. ಮರುದಿನ ಸೆಲ್‌ಗಳು ವೆಲ್‌ನ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿರಬೇಕು. 2.5 ಮೈಕ್ರೋಗ್ರಾಂ ಪ್ಲಾಸ್ಮಿಡ್, 7.5 ಮೈಕ್ರೋಗ್ರಾಂ ಪಿಇಐ (ಡಿಎನ್‌ಎಯನ್ನು ಸೆಲ್ ಒಳಗೆ ಸಾಗಿಸುವ ರಾಸಾಯನಿಕ), ಸೀರಮ್ ಇಲ್ಲದ ಮೀಡಿಯಾದಲ್ಲಿ ಬೆರೆಸಿ 15 ನಿಮಿಷ ಬಿಟ್ಟು ಹನಿ ಹನಿಯಾಗಿ ಹಾಕಿ. 24 ಗಂಟೆಯ ನಂತರ, ಪ್ಲಾಸ್ಮಿಡ್ ಒಳಗೆ ಹೋಗದ ಸೆಲ್‌ಗಳನ್ನು ಕೊಲ್ಲುವ ಪ್ಯೂರೋಮೈಸಿನ್, ಎರಡು ದಿನ. ಎಷ್ಟು ಪ್ರಮಾಣ? ಮಿಲಿಲೀಟರ್‌ಗೆ 1ರಿಂದ 2 ಮೈಕ್ರೋಗ್ರಾಂ ಸಾಮಾನ್ಯ. ಆದರೂ ನಿಮ್ಮ ಸೆಲ್‌ಗಳ ಮೇಲೆ ಮೊದಲೇ 0.5ರಿಂದ 3ರವರೆಗೆ ಹಾಕಿ ಯಾವುದಕ್ಕೆ ಎಲ್ಲ ಸಾಯುತ್ತವೆ ನೋಡಿಟ್ಟುಕೊಳ್ಳಿ. ಒಂದು ಮಾತು, ಜಿ418 (ನಿಯೋಮೈಸಿನ್ ಜಾತಿಯ ಔಷಧಿ) ಬಳಸಬೇಡಿ. 293ಟಿ ಮಾಡುವಾಗಲೇ ಅದಕ್ಕೆ ನಿಯೋಮೈಸಿನ್ ತಡೆಯುವ ಜೀನ್ ಸೇರಿಬಿಟ್ಟಿದೆ, ಆ ಔಷಧಿಗೆ ಅದು ಜಗ್ಗುವುದಿಲ್ಲ.

ಪಕ್ಕದ ವೆಲ್‌ಗಳನ್ನು ಖಾಲಿ ಬಿಡಬೇಡಿ. ಒಂದರಲ್ಲಿ ಪ್ಲಾಸ್ಮಿಡ್ ಇಲ್ಲದೆ ಬರೀ ಪ್ಯೂರೋಮೈಸಿನ್, ಅಲ್ಲಿ ಎಲ್ಲ ಸಾಯಬೇಕು. ಇನ್ನೊಂದರಲ್ಲಿ ಎಎವಿಎಸ್1 ಎಂಬ ಜಾಗವನ್ನು ಕತ್ತರಿಸುವ ಗೈಡ್. ಇದು 19ನೇ ಕ್ರೋಮೋಸೋಮ್‌ನಲ್ಲಿರುವ, ಕತ್ತರಿಸಿದರೂ ಅಷ್ಟಾಗಿ ತೊಂದರೆ ಕಾಣದ ಜಾಗ. ಕತ್ತರಿ ಬಿದ್ದ ಪೆಟ್ಟಿಗೇ ಸೆಲ್ ಬದಲಾಯಿತೋ, ನಿಮ್ಮ ಜೀನ್ ಹೋದದ್ದರಿಂದ ಬದಲಾಯಿತೋ ಎಂದು ಆಮೇಲೆ ಹೇಳಲು ಇದು ಬೇಕು.

ಕ್ಲೋನ್ ಮಾಡುವ ಮೊದಲು ಗುಂಪನ್ನು ನೋಡಿ

ಉಳಿದ ಸೆಲ್‌ಗಳು ಎರಡು ಮೂರು ದಿನ ಚೇತರಿಸಿಕೊಳ್ಳಲಿ. ನಂತರ ಒಂದು ಪಾಲು ಡಿಎನ್‌ಎಗೆ, ಒಂದು ಪಾಲು ಫ್ರೀಜ್, ಒಂದು ಪಾಲು ಮುಂದುವರಿಸಿ. ಪಿಸಿಆರ್ ಮಾಡಿ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರಗಳನ್ನು ಓದಿಸಲು) ಕಳಿಸಿ, ಬಂದ ಫೈಲ್ ಅನ್ನು ಐಸ್ ಅಥವಾ ಟೈಡ್ ಎಂಬ ಉಚಿತ ಸಾಧನಕ್ಕೆ ಹಾಕಿ. ಕತ್ತರಿಸದ ಸೆಲ್‌ಗಳ ಫೈಲ್ ಜೊತೆ ಹೋಲಿಸಿ ಶೇಕಡಾ ಎಷ್ಟು ಪ್ರತಿ ಬದಲಾಗಿದೆ ಎಂದು ಅದು ಹೇಳುತ್ತದೆ. ಬಿ2ಎಂಗೆ ಫ್ಲೋ ಕೂಡ ಮಾಡಿ, ಆದರೆ ಒಂದು ವಾರ ಬಿಟ್ಟು. ಜೀನ್ ಹೋದರೂ ಮೊದಲೇ ತಯಾರಾಗಿದ್ದ ಪ್ರೋಟೀನ್ ಖಾಲಿಯಾಗಲು ಸಮಯ ಹಿಡಿಯುತ್ತದೆ ಅಲ್ವಾ.

ಈಗ ಲೆಕ್ಕ. ಗುಂಪಿನಲ್ಲಿ 70% ಪ್ರತಿಗಳು ಬದಲಾಗಿವೆ ಅಂದುಕೊಳ್ಳಿ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಓದುವಿಕೆ ಕೆಡಿಸುತ್ತವೆ, ಅಂದರೆ ಸುಮಾರು 47%. ಮೂರು ಪ್ರತಿಯೂ ಕೆಡಬೇಕಾದರೆ ಅದರ ಘನ, ಸುಮಾರು 10%. ಹತ್ತು ಕ್ಲೋನ್‌ಗೆ ಒಂದು ಸರಿಯಾದದ್ದು. ಗೈಡ್ 90% ಕತ್ತರಿಸಿದರೆ ಐದಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. 30% ಮಾತ್ರ ಆದರೆ ನೂರಕ್ಕೆ ಒಂದೂ ಇಲ್ಲ! ಅಂಥ ಗುಂಪನ್ನು ಕ್ಲೋನ್ ಮಾಡಲು ಹೋಗಬೇಡಿ, ಎರಡನೇ ಗೈಡ್ ಹಿಡಿಯಿರಿ. ನಿಜ ಜೀವನದಲ್ಲಿ ಪ್ರತಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕತ್ತರಿಸಿಕೊಳ್ಳುವುದಿಲ್ಲ, ಆದರೂ ಎಷ್ಟು ಪ್ಲೇಟ್ ಬೇಕು ಎಂದು ನಿರ್ಧರಿಸಲು ಈ ಲೆಕ್ಕ ಸಾಕು.

ಒಂದೇ ಸೆಲ್‌ನಿಂದ ಒಂದು ಕ್ಲೋನ್

ಸೆಲ್‌ಗಳನ್ನು ಟ್ರಿಪ್ಸಿನ್‌ನಿಂದ ಚೆನ್ನಾಗಿ ಬಿಡಿಸಿ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. 293ಟಿ ಗೊಂಚಲು ಕಟ್ಟಿಕೊಳ್ಳುವ ಜಾತಿ, ಸೋಸದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಎಣಿಸಿ, ಹಂತ ಹಂತವಾಗಿ ತೆಳುಮಾಡುತ್ತ 20 ಮಿಲಿಲೀಟರ್ ಮೀಡಿಯಾಗೆ 100 ಸೆಲ್ ಬರುವಂತೆ ಮಾಡಿ. 96 ವೆಲ್‌ನ ಎರಡು ಪ್ಲೇಟ್‌ಗೆ, ವೆಲ್‌ಗೆ 100 ಮೈಕ್ರೋಲೀಟರ್. ಸರಾಸರಿ ವೆಲ್‌ಗೆ ಅರ್ಧ ಸೆಲ್.

ಅರ್ಧ ಸೆಲ್ ಯಾಕೆ? ಸಾಸಿವೆ ಎರಚಿದ ಹಾಗೆ ಎಲ್ಲಿ ಎಷ್ಟು ಬೀಳುತ್ತದೋ ಹೇಳಲಾಗದು. ಈ ಪ್ರಮಾಣದಲ್ಲಿ ಸುಮಾರು 61% ವೆಲ್ ಖಾಲಿ, 30%ರಲ್ಲಿ ಒಂದು, 9%ರಲ್ಲಿ ಎರಡು ಅಥವಾ ಜಾಸ್ತಿ. ಅಂದರೆ ಸೆಲ್ ಬಿದ್ದ ವೆಲ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಬೆರಕೆ. ಲೆಕ್ಕ ಮಾತ್ರ ನಂಬಿ ಕೂತರೆ ಮೋಸ ಹೋಗುತ್ತೀರಿ. ಮೊದಲ ದಿನ, ಐದನೇ ದಿನ, ಏಳನೇ ದಿನ ಮೈಕ್ರೋಸ್ಕೋಪ್ ಅಡಿ ಒಂದೊಂದು ವೆಲ್ ನೋಡಿ, ಒಂದೇ ದುಂಡನೆಯ ಗುಂಪು ಇರುವುದಕ್ಕೆ ಮಾತ್ರ ಮುಚ್ಚಳದ ಮೇಲೆ ಗುರುತು ಹಾಕಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಒಂಟಿ ಸೆಲ್‌ಗೆ 20% ಸೀರಮ್ ಕೊಟ್ಟರೆ ಬೇಗ ಹೊಂದಿಕೊಳ್ಳುತ್ತದೆ. ಮೊದಲ ವಾರ ಮೀಡಿಯಾ ಬದಲಿಸಬೇಡಿ, 293ಟಿ ತಳದಿಂದ ಸುಲಭವಾಗಿ ಕಿತ್ತುಬರುತ್ತದೆ. ಎರಡು ಮೂರು ವಾರದಲ್ಲಿ ಕ್ಲೋನ್‌ಗಳು ತುಂಬಿಕೊಂಡಾಗ ಪ್ರತಿಯೊಂದನ್ನೂ ಎರಡು ಪ್ಲೇಟ್‌ಗೆ ಹಂಚಿ: ಒಂದು ಡಿಎನ್‌ಎಗೆ, ಒಂದು ಉಳಿಸಿಕೊಳ್ಳಲು. ಕನಿಷ್ಠ 30, ಸಾಧ್ಯವಾದರೆ 48 ಕ್ಲೋನ್ ಇರಲಿ. ಏನೂ ಬದಲಾಗದ ಎರಡು ಮೂರು ಕ್ಲೋನ್ ಸಿಕ್ಕರೆ ಎಸೆಯಬೇಡಿ. ಇದೇ ಹಾದಿಯಲ್ಲಿ ಬಂದ ಅವೇ ನಿಮಗೆ ನಿಜವಾದ ಕಂಟ್ರೋಲ್, ಮೂಲ ಸೆಲ್‌ಗಳಲ್ಲ.

ಡಿಎನ್‌ಎ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಮತ್ತೆ ಪಿಸಿಆರ್, ಮತ್ತೆ ಸೀಕ್ವೆನ್ಸಿಂಗ್, ಮತ್ತೆ ಐಸ್. ಮೂರು ಪ್ರತಿ ಇದ್ದರೆ ಅನುಪಾತ ಮೂರನೇ ಒಂದರ ಲೆಕ್ಕದಲ್ಲಿ ಬರಬೇಕು: 33, 33, 33 ಅಥವಾ 67, 33. ಐದು ಬಗೆಯ ಸೀಕ್ವೆನ್ಸ್ ಕಂಡರೆ, ಇಲ್ಲವೇ 90ಕ್ಕೆ 10ರಂತೆ ಬಂದರೆ ಅದು ಬೆರಕೆ ಕ್ಲೋನ್. ಮತ್ತೆ ಒಂಟಿ ಮಾಡಿ ಅಥವಾ ಕೈಬಿಡಿ.

ಒಂದೇ ಸ್ವಚ್ಛ ಸೀಕ್ವೆನ್ಸ್ ಬಂದರೆ ಖುಷಿಯಾಗುತ್ತದೆ. ನಾನೂ ಕುಣಿದಿದ್ದೆ. ನನ್ನ ಮೊದಲ ನಾಕೌಟ್, ಬೇರೆ ಜೀನ್, ಒಂದಕ್ಷರ ಸೇರಿದ ಒಂದೇ ಸೀಕ್ವೆನ್ಸ್, ಬೆಣ್ಣೆಯಂಥ ಟ್ರೇಸ್. ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಅನ್ನು ಗಾತ್ರದ ಪ್ರಕಾರ ತೋರಿಸುವ ಪರೀಕ್ಷೆ) ಮಾಡಿದರೆ ಮಾಮೂಲಿಗಿಂತ ಸ್ವಲ್ಪ ಕೆಳಗೆ ಒಂದು ಬ್ಯಾಂಡ್! ಬೆಳ್ಳಗಿರುವುದೆಲ್ಲ ಹಾಲಲ್ಲ. ಆಗಿದ್ದು ಏನೆಂದರೆ, ಇನ್ನೊಂದು ಪ್ರತಿಯಲ್ಲಿ ಎಕ್ಸಾನ್ ಪೂರ್ತಿಯಾಗಿ ಹಾರಿಹೋಗಿತ್ತು, ಅದರ ಜೊತೆ ನನ್ನ ಪ್ರೈಮರ್ ಕೂರುವ ಜಾಗವೂ. ಹಾಗಾಗಿ ಪಿಸಿಆರ್‌ಗೆ ಆ ಪ್ರತಿ ಕಾಣಲೇ ಇಲ್ಲ. ಆ ಎಕ್ಸಾನ್‌ನ ಉದ್ದ ಮೂರರ ಗುಣಕ. ಹಿಂದಿನ ಮುಂದಿನ ಎಕ್ಸಾನ್‌ಗಳು ಸೇರಿಕೊಂಡು ಮೊಟಕು ಪ್ರೋಟೀನ್ ತಯಾರಾಗುತ್ತಿತ್ತು. ಕ್ಯಾಸ್9 ಕತ್ತರಿಯಿಂದ ಸಾವಿರಾರು ಅಕ್ಷರಗಳೇ ಹೋಗಬಹುದು ಎಂದು ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ತಂಡ 2018ರಲ್ಲೇ ತೋರಿಸಿತ್ತು. ನಾನು ಓದಿದ್ದೆ, ನನಗೂ ಆಗುತ್ತದೆ ಅಂದುಕೊಂಡಿರಲಿಲ್ಲ.

ಆದ್ದರಿಂದ ಕೊನೆಗೆ ಉಳಿಸಿಕೊಳ್ಳುವ ಕ್ಲೋನ್‌ಗಳಿಗೆ 3ರಿಂದ 5 ಸಾವಿರ ಅಕ್ಷರದ ಉದ್ದ ಪಿಸಿಆರ್ ಮಾಡಿ, ಜೊತೆಗೆ ಕತ್ತರಿಯ ಜಾಗದ ಪಕ್ಕದಲ್ಲಿ ಕ್ಯೂಪಿಸಿಆರ್ ಮಾಡಿ ಎಷ್ಟು ಪ್ರತಿ ಉಳಿದಿದೆ ಎಣಿಸಿ. ಎಕ್ಸಾನ್ ಆರಿಸುವಾಗ ಸಾಧ್ಯವಾದರೆ ಉದ್ದ ಮೂರರ ಗುಣಕವಲ್ಲದ್ದನ್ನೇ ಆರಿಸಿ. ಪ್ಲಾಸ್ಮಿಡ್ ಬಳಸಿದ್ದರೆ ಪ್ರತಿ ಕ್ಲೋನ್‌ನ ಸ್ವಲ್ಪ ಸೆಲ್‌ಗಳಿಗೆ ಪ್ಯೂರೋಮೈಸಿನ್ ಹಾಕಿ ನೋಡಿ. ಈಗಲೂ ಬದುಕಿದರೆ ಪ್ಲಾಸ್ಮಿಡ್ ಡಿಎನ್‌ಎ ಒಳಗೆ ಸೇರಿಕೊಂಡಿದೆ, ಅಂಥದ್ದು ಬೇಡ.

ಪ್ರೋಟೀನ್ ಹೋಗಿದೆಯೇ

ಆರ್‌ಎನ್‌ಎ ಅಳೆದು ನಾಕೌಟ್ ಎಂದು ಹೇಳಬೇಡಿ. ಓದುವಿಕೆ ಕೆಟ್ಟ ಆರ್‌ಎನ್‌ಎ ಎಷ್ಟೋ ಸಲ ಹಾಗೇ ಉಳಿಯುತ್ತದೆ. ನೋಡಬೇಕಾದ್ದು ಪ್ರೋಟೀನ್. 2019ರಲ್ಲಿ ಎಚ್‌ಎಪಿ1 ಸೆಲ್‌ಗಳಲ್ಲಿ ಮಾಡಿದ, ಡಿಎನ್‌ಎ ಮಟ್ಟದಲ್ಲಿ ಸರಿಯಾಗಿಯೇ ಇದ್ದ ನಾಕೌಟ್‌ಗಳನ್ನು ಪರೀಕ್ಷಿಸಿದಾಗ, ಅಳೆಯಲು ಸಾಧ್ಯವಾದ ಗುರಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಪ್ರೋಟೀನ್ ಒಂದಿಷ್ಟು ಉಳಿದಿತ್ತು. ರೆಡಿಮೇಡ್ ನಾಕೌಟ್ ಲೈನ್ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಡಬ್ಬಿಯ ಜೊತೆ ಬಂದ ಸೀಕ್ವೆನ್ಸ್ ಹಾಳೆ ನೋಡಿ ಬಿಡಬೇಡಿ, ನೀವೇ ಒಮ್ಮೆ ಪ್ರೋಟೀನ್ ನೋಡಿ.

ಬಿ2ಎಂಗೆ ಡಬ್ಲ್ಯೂ6/32 ಆಂಟಿಬಾಡಿ ಬಳಸಿ ಫ್ಲೋ ಮಾಡಿ. ಇದು ಬಿ2ಎಂ ಜೊತೆ ಕೂಡಿದ ಎಚ್‌ಎಲ್‌ಎ ಕ್ಲಾಸ್ 1 ಅನ್ನು ಹಿಡಿಯುತ್ತದೆ. ಮುಂಚೆ ಎರಡು ದಿನ ಇಂಟರ್‌ಫೆರಾನ್ ಗಾಮಾ ಕೊಟ್ಟರೆ ಎಚ್‌ಎಲ್‌ಎ ಏರುತ್ತದೆ, ಆಗ ಕಂಟ್ರೋಲ್ ಮತ್ತು ನಾಕೌಟ್ ಎರಡು ಬೇರೆ ಬೇರೆ ಬೆಟ್ಟಗಳಂತೆ ಕಾಣುತ್ತವೆ. ವೆಸ್ಟರ್ನ್ ಕೂಡ ಮಾಡಿ. ಬಿ2ಎಂ ಸುಮಾರು 12 ಕಿಲೋಡಾಲ್ಟನ್ ಅಷ್ಟೇ, ಮಾಮೂಲಿ 10% ಜೆಲ್‌ನಲ್ಲಿ ಕೆಳಗಿನಿಂದ ಓಡಿಯೇ ಹೋಗುತ್ತದೆ. 15% ಜೆಲ್, 0.2 ಮೈಕ್ರಾನ್ ಮೆಂಬ್ರೇನ್ ಬಳಸಿ. ಬ್ಲಾಟ್‌ನ ಬೇಕಾದ ಪಟ್ಟಿಯಷ್ಟೇ ಕತ್ತರಿಸಿ ಇಟ್ಟುಕೊಳ್ಳದೆ ಪೂರ್ತಿ ನೋಡಿ, ಮೊಟಕು ಬ್ಯಾಂಡ್ ಅಲ್ಲೇ ಅಡಗಿರುತ್ತದೆ.

ವಾಪಸ್ ಕೊಟ್ಟು ನೋಡುವುದು

ನಾಕೌಟ್‌ನಲ್ಲಿ ಏನೋ ಬದಲಾವಣೆ ಕಂಡಿತು. ಅದು ಆ ಜೀನ್‌ನಿಂದಲೇ ಎಂದು ಹೇಗೆ ಹೇಳುತ್ತೀರಿ? ಒಂಟಿ ಸೆಲ್‌ನಿಂದ ಬಂದ ಕ್ಲೋನ್‌ಗಳು ಒಂದರಂತೆ ಒಂದು ಇರುವುದಿಲ್ಲ, ಕೆಲವು ಹುಟ್ಟಿನಿಂದಲೇ ನಿಧಾನ. ಆದ್ದರಿಂದ ಬೇರೆ ಬೇರೆ ಎರಡು ಗೈಡ್‌ನಿಂದ, ಒಂದೊಂದರಿಂದ ಎರಡು ಮೂರು ಕ್ಲೋನ್ ತೆಗೆದುಕೊಳ್ಳಿ. ಎರಡು ಗೈಡ್‌ಗಳೂ ಒಂದೇ ತಪ್ಪು ಜಾಗದಲ್ಲಿ ಕತ್ತರಿಸುವ ಸಾಧ್ಯತೆ ತೀರಾ ಕಡಿಮೆ. ಗೈಡ್ ಆರಿಸಿದ ಸಾಧನ ತೋರಿಸಿದ ಮೊದಲ ಐದು ಹತ್ತು ಅಪಾಯದ ಜಾಗಗಳನ್ನೂ ಸೀಕ್ವೆನ್ಸ್ ಮಾಡಿಬಿಡಿ.

ಆಮೇಲೆ ಜೀನ್ ಅನ್ನು ವಾಪಸ್ ಹಾಕಿ. ಕ್ಲೋನ್‌ನಲ್ಲಿ ಕ್ಯಾಸ್9 ಉಳಿದಿದ್ದರೆ ಹೊಸ ಪ್ರತಿಯನ್ನೂ ಕತ್ತರಿಸಬಹುದು, ಅದಕ್ಕೇ ಅಮೈನೋ ಆಮ್ಲ ಬದಲಾಗದಂತೆ ಪ್ಯಾಮ್‌ನ ಅಕ್ಷರ ಬದಲಿಸಿದ ಸಿಡಿಎನ್‌ಎ (ಎಕ್ಸಾನ್‌ಗಳಷ್ಟೇ ಇರುವ ಜೀನ್‌ನ ಪ್ರತಿ) ಬಳಸಿ. ಬಿ2ಎಂ ವಾಪಸ್ ಬಂದರೆ ಎಚ್‌ಎಲ್‌ಎ ಮತ್ತೆ ಹೊರಮೈಗೆ ಬರಬೇಕು. ಬೇರೆ ಜೀನ್ ಆದರೆ ನೀವು ಕಂಡ ಬದಲಾವಣೆ ಹಿಂದಕ್ಕೆ ಹೋಗಬೇಕು. ಪ್ರಮಾಣ ಮೂಲಕ್ಕೆ ಹತ್ತಿರ ಇರಲಿ, ಹತ್ತು ಪಟ್ಟು ಪ್ರೋಟೀನ್ ತುಂಬಿಸಿದರೆ ಅದು ಬೇರೆಯೇ ಪ್ರಯೋಗವಾಗುತ್ತದೆ. ಈ ಹಂತ ಬಿಟ್ಟವರ ಫಲಿತಾಂಶವನ್ನು ನಾನು ಅರ್ಧವೇ ನಂಬುವುದು.

ವಯಲ್ ತುಂಬಿಸುವುದು

ಪಾಸಾದ ಪ್ರತಿ ಕ್ಲೋನ್‌ನಿಂದ, ಪ್ಯಾಸೇಜ್ ಇನ್ನೂ ಕಡಿಮೆ ಇರುವಾಗಲೇ, ಹತ್ತು ವಯಲ್ ಫ್ರೀಜ್ ಮಾಡಿ. 90% ಸೀರಮ್, 10% ಡಿಎಂಎಸ್‌ಒ, ವಯಲ್‌ಗೆ ಹತ್ತಿಪ್ಪತ್ತು ಲಕ್ಷ ಸೆಲ್. ಒಂದು ರಾತ್ರಿ ಮೈನಸ್ 80ರಲ್ಲಿ ನಿಧಾನವಾಗಿ ತಣ್ಣಗಾಗಿಸಿ ಮರುದಿನ ಲಿಕ್ವಿಡ್ ನೈಟ್ರೋಜನ್‌ಗೆ. ಸಾಧ್ಯವಾದರೆ ಎರಡು ಬೇರೆ ಟ್ಯಾಂಕ್‌ನಲ್ಲಿಡಿ. ವಾರ ಬಿಟ್ಟು ಒಂದು ವಯಲ್ ಕರಗಿಸಿ, ಬೆಳೆಯುತ್ತದೆಯೇ ನೋಡಿ, ಮೈಕೋಪ್ಲಾಸ್ಮಾ ಮತ್ತು ಎಸ್‌ಟಿಆರ್ ಮತ್ತೊಮ್ಮೆ ಮಾಡಿ.

ವಯಲ್ ಮೇಲೆ ಸೆಲ್ ಲೈನ್, ಜೀನ್, ಗೈಡ್ ಸಂಖ್ಯೆ, ಕ್ಲೋನ್ ಸಂಖ್ಯೆ, ಪ್ಯಾಸೇಜ್, ತಾರೀಖು ಬರೆಯಿರಿ. "ಬಿ2ಎಂ ಕೆಒ" ಅಂತ ಮಾತ್ರ ಬರೆದ ವಯಲ್ ಎರಡು ವರ್ಷದ ನಂತರ ಯಾರ ಉಪಯೋಗಕ್ಕೂ ಬರುವುದಿಲ್ಲ. ನೋಟ್‌ಬುಕ್‌ನಲ್ಲಿ ಜೀನ್‌ನ ಒಂದೊಂದು ಪ್ರತಿಯ ಸೀಕ್ವೆನ್ಸ್ ಅಂಟಿಸಿ, ಬೆರಕೆ ಬಂದ ಕ್ಲೋನ್‌ಗಳದ್ದೂ ಸೇರಿಸಿ. ಕಂಟ್ರೋಲ್ ಕ್ಲೋನ್‌ಗಳನ್ನೂ ಅದೇ ದಿನ, ಅದೇ ಡಬ್ಬಿಯಲ್ಲಿ, ಪಕ್ಕದ ಸಾಲಿನಲ್ಲೇ ಇಡಿ.